ಉಳ್ಳಾಗಡ್ಡಿ ಅಂದ್ರ ತಿಳಿಯುವ ಮೇಡಂ ಬೇಕು



ಹೋದ ಸಲದ ಗೋಡೆ ಪತ್ರಿಕೆಯಲ್ಲಿ "ದೊಡ್ಡವರಾದ ಮೇಲೆ ಏನಾಗುವಿರಿ?" ಎಂದು ಕೇಳಿದ್ದರು. ಎಲ್ಲರೂ ಡಾಕ್ಟರ್, ಪೊಲೀಸ್, ಟೀಚರ್ ಎಂದು ಬರೆದಿದ್ದರು. ಇಬ್ಬರು ರೈಲು ಡ್ರೈವರ್. (ವಾಡಿ ಜಂಕ್ಷನ್ ಮಗ್ಗಲದಾಗ ಇದ್ದು ಅದನ್ನ ಬರೀದಿದ್ರ ಹ್ಯಾಂಗ!) ಆದರೆ ಕಿವಿ ಮತ್ತು ಮಾತಿನ ಓದು ಅಂತ ಒಂದಿದೆ, ಅದನ್ನು ಯಾರೂ ಬರೆಯಲಿಲ್ಲ. ನಮ್ಮ ಕಡೆಯ ಮಕ್ಕಳು ಅದನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ತಮ್ಮನಿಗೆ ಮೂರು ವರ್ಷ ಆದರೂ ಮಾತು ಬರಲಿಲ್ಲ. "ಗಂಡು ಹುಡುಗರಿಗಿ ಮಾತು ತಡಾನೇ ಬರ್ತಾವ" ಅಂತ ಮುತ್ಯಾ ಅಂದ. ಗೂಡ್ಸ್ ಗಾಡಿ ಹಾರ್ನ್ ಹೊಡೆದರೆ ತಮ್ಮ ತಿರುಗಿ ನೋಡುತ್ತಿದ್ದ. ಅದಕ್ಕೇ ಕಿವಿ ಛಲೋ ಅದಾವ, ಕರೆದರೆ ಬರೋದಿಲ್ಲ ಅಂದ್ರ ಹಟ ಅಂತ ತಿಳಿದೆವು. ನಾನೂ ಎರಡು ಸಲ ಹೊಡೆದೆ. ಕಡೆಗೆ ಅಂಗನವಾಡಿ ಟೀಚರ್ ಹೇಳಿದ ಮೇಲೆ ಶಹರದ ದವಾಖಾನೆಗೆ ಹೋದೆವು. ಹಾರ್ನಿನಂಥ ದೊಡ್ಡ ದಪ್ಪ ಸಪ್ಪಳ ಇವನಿಗೆ ಕೇಳುತ್ತದೆ, ಸ, ಶ, ಚ ದಂಥ ಸಣ್ಣ ಧ್ವನಿ ಕೇಳುವುದಿಲ್ಲ ಎಂದು ಪರೀಕ್ಷೆ ಮಾಡಿದ ಮೇಡಂ ಹೇಳಿದರು. ಕೇಳದ ಮಾತನ್ನು ಹುಡುಗ ಹೇಗೆ ಆಡುತ್ತಾನೆ? ಅವ್ವ ಸುಮ್ಮನೆ ಕೂತಳು. ನನಗೆ ಆ ಎರಡು ಹೊಡೆತ ನೆನಪಾದವು.

ಈಗ ಅವನ ಎರಡೂ ಕಿವಿಗೆ ಮಷಿನ್ ಇದೆ. ಮಷಿನ್ ಹಾಕಿದ ಕೂಡಲೇ ಮಾತು ಬರುವುದಿಲ್ಲ, ಕಲಿಸಬೇಕು. ಮೇಡಂ ಚಿತ್ರದ ಕಾರ್ಡ್ ಇಟ್ಟು "ಈರುಳ್ಳಿ ತೋರಿಸು" ಅಂದರು. ತಮ್ಮ ಸುಮ್ಮನೆ ಕೂತ. "ಕಡಲೆಕಾಯಿ ತೋರಿಸು" ಅಂದರು. ಅದಕ್ಕೂ ಸುಮ್ಮನೆ. ನಾನು "ಮೇಡಂ, ಉಳ್ಳಾಗಡ್ಡಿ ಅನ್ರಿ, ಶೇಂಗಾ ಅನ್ರಿ" ಅಂದೆ. ಅವರು ಹಾಗೆ ಅಂದ ಕೂಡಲೇ ಎರಡರ ಮ್ಯಾಲೂ ಬೆರಳಿಟ್ಟ! ಮೇಡಂ ನಕ್ಕು ಬರೆದುಕೊಂಡರು. ಅವರು ಮೈಸೂರು ಕಡೆಯವರು, ಬಹಳ ಒಳ್ಳೆಯವರು. ಆದರೆ ನಾನು ಅವತ್ತು ಹೋಗದಿದ್ರ ಹುಡುಗನಿಗೆ ಏನೂ ಗೊತ್ತಿಲ್ಲ ಅಂತ ಬರೀತಿದ್ರೋ ಏನೋ. ಇನ್ನು ತಾಂಡಾದ ಹುಡುಗರು, ಮನ್ಯಾಗ ಉರ್ದು, ತೆಲುಗು ಆಡುವವರು ಹೋದರೆ ಹೇಗೆ?

ಈ ಓದು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂತ ಹೆಸರು, 1965ರಲ್ಲಿ ಶುರುವಾದದ್ದು, ಕೇಂದ್ರ ಸರಕಾರದ್ದು. ಪಿಯುಸಿ ವಿಜ್ಞಾನ ಆದ ಮೇಲೆ 4 ವರ್ಷದ ಡಿಗ್ರಿ. ಕೊನೆಯ ವರ್ಷ ಪೂರ್ತಿ ಪೇಷಂಟ್‌ಗಳ ಜೊತೆ ಕೆಲಸ. ನಾವು ವ್ಯಾಕರಣದಲ್ಲಿ ಬಾಯಿಪಾಠ ಮಾಡುವ ಕಂಠ್ಯ, ತಾಲವ್ಯ, ಓಷ್ಠ್ಯ ಅಲ್ಲಿ ದಿನಾ ಬೇಕಾಗುತ್ತದೆ. ಉಗ್ಗುವವರಿಗೂ, ಲಕ್ವಾ ಹೊಡೆದು ಮಾತು ಹೋದವರಿಗೂ ಅವರೇ ಕಲಿಸುತ್ತಾರೆ. ಈಗ ಹುಟ್ಟಿದ ಕೂಸು ಮಲಗಿದ್ದಾಗಲೇ ಕಿವಿ ಪರೀಕ್ಷೆ ಮಾಡುವ ಮಷಿನ್ ಕೂಡ ಇದೆ. ನನ್ನ ತಮ್ಮನಿಗೆ ಅದು ಆಗಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ಡಾಕ್ಟರ್ ಆದ್ರ ಸಾಲದೇನು ಅಂತ ನನ್ನ ಗೆಳತಿ ಕೇಳಿದಳು. ಕಿವಿ ಡಾಕ್ಟರ್ ಔಷಧ ಕೊಡುತ್ತಾರೆ, ಆಪರೇಶನ್ ಮಾಡುತ್ತಾರೆ. ಮಾತು ಕಲಿಸೋದು ವಾರ ವಾರ ಕೂತು ಮಾಡುವ ಕೆಲಸ. ಅದಕ್ಕಾಗಿ ಅಪ್ಪ ವಾರಕ್ಕೊಂದು ದಿನ ಫರಸಿ ಗಣಿಯ ಕೂಲಿ ಬಿಡುತ್ತಾನೆ. ಅಂಥವರು ವಾಡಿಯಲ್ಲೇ ಒಬ್ಬರಿದ್ದರೆ ಆ ಕೂಲಿ ಉಳಿಯುತ್ತದೆ.

ಬಸವ ಎಕ್ಸ್‌ಪ್ರೆಸ್ ವಾಡಿ ಮ್ಯಾಲಿಂದಲೇ ಮೈಸೂರಿಗೆ ಹೋಗುತ್ತದೆ. ಮುಂದಿನ ಸಲ ಅದೇ ಪ್ರಶ್ನೆ ಕೇಳಿದರೆ ನನ್ನ ಹೆಸರಿನ ಮುಂದೆ ಈ ಓದನ್ನೇ ಬರೆಯಿರಿ.

ತಮ್ಮ ಮೊದಲು "ಅಕ್ರಿ" ಅಂತಿದ್ದ, ಈಗ "ಸಕ್ರಿ" ಅಂತಾನ. ದಯವಿಟ್ಟು ಅವನಿಗೆ ಕಿವುಡ ಅಂತ ಕರೀಬ್ಯಾಡ್ರಿ. ಈಗ ಅವನಿಗೆ ಅದು ಕೇಳಸ್ತದ.

– 7ನೇ ತರಗತಿಯ ವಿದ್ಯಾರ್ಥಿನಿ