ಕಾಳಿಯ ಸೇತುವೆಯ ಬಳಿ ಒಂದು ಸಂಜೆ

ಹುಣಸೂರಿನವರಿಗೆ ಸೇತುವೆಯೆಂದರೆ ವಿಶೇಷವೇನೂ ಅಲ್ಲ. ಲಕ್ಷ್ಮಣತೀರ್ಥವನ್ನು ದಾಟದೆ ನಮ್ಮ ಊರಿನ ಬಾಳು ಒಂದು ದಿನವೂ ಸಾಗದು. ಕೃಷ್ಣರಾಜನಗರದವರಿಗೆ ಕಾವೇರಿ ಇದ್ದಾಳೆ, ಹೆಗ್ಗಡದೇವನಕೋಟೆಯವರಿಗೆ ಕಪಿಲೆ ಇದ್ದಾಳೆ. ಆದರೆ ಈ ನದಿಗಳೆಲ್ಲ ಮೂಡಲಿಗೆ ಮುಖಮಾಡಿದವು. ಇವುಗಳ ನೀರು ಕಡಲನ್ನು ಕಾಣುವುದು ದೂರದ ತಮಿಳುನಾಡಿನಲ್ಲಿ. ಕನ್ನಡ ನೆಲದಲ್ಲೇ ಹುಟ್ಟಿ, ಕನ್ನಡ ನೆಲದಲ್ಲೇ ಕಡಲು ಸೇರುವ ನದಿಯನ್ನು ಮಕ್ಕಳಿಗೆ ತೋರಿಸಬೇಕಾದರೆ ಘಟ್ಟವಿಳಿಯಲೇಬೇಕು.

ಇಷ್ಟು ಪೀಠಿಕೆ ಹಾಕಿ, 2024ರ ದಸರೆಯ ರಜೆಯಲ್ಲಿ ಕಾರವಾರಕ್ಕೆ ಹೋಗೋಣವೆಂದು ಮನೆಯಲ್ಲಿ ಸೂಚಿಸಿದೆ. ಮಕ್ಕಳು ಕುಣಿದರು. ಆದರೆ ಎಂದೂ ಪ್ರವಾಸವೆಂದು ಹೊರಡದ ಪಿರಿಯಾಪಟ್ಟಣದ ಅತ್ತಿಗೆ "ನಾನೂ ಬರುತ್ತೇನೆ" ಎಂದಾಗ ಎಲ್ಲರಿಗೂ ಆಶ್ಚರ್ಯ.

"ಸಮುದ್ರ ನೋಡುವ ಆಸೆಯೇ, ಅತ್ತಿಗೆ?" ಎಂದೆ.

"ಸಮುದ್ರ ಹಾಗಿರಲಿ. ನನಗೆ ಆ ಸೇತುವೆ ನೋಡಬೇಕು" ಎಂದರು. ಹೆಚ್ಚಿಗೆ ಏನನ್ನೂ ಹೇಳಲಿಲ್ಲ.

ಹಾಸನ, ಶಿವಮೊಗ್ಗ, ಸಾಗರಗಳನ್ನು ಹಿಂದಿಕ್ಕಿ ಹೊನ್ನಾವರದಲ್ಲಿ ಕಡಲ ಗಾಳಿ ಕುಡಿದೆವು. ಕುಮಟೆಯಾಚೆ ಅಘನಾಶಿನಿಯನ್ನು ದಾಟಿ ಅಂಕೋಲೆಯ ದಾರಿ ಹಿಡಿದಾಗ ಶಿರೂರು ಬಂದಿತು. ಅದೇ ವರ್ಷ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯಲ್ಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿದ್ದು ಅಲ್ಲಿಯೇ. ಗಲಗಲ ಎನ್ನುತ್ತಿದ್ದ ಮಕ್ಕಳೂ ಆ ಕೆಂಪು ಮಣ್ಣಿನ ಗಾಯವನ್ನು ಕಂಡು ಸುಮ್ಮನಾದರು. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು.

ಕಾರವಾರದ ಕಡಲ ತೀರವನ್ನು ಬಣ್ಣಿಸಲು ನನ್ನ ಲೇಖನಿಗೆ ಶಕ್ತಿಯಿಲ್ಲ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿ, ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ವಿಹರಿಸಿದರು. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದದ್ದು ಅಲ್ಲಿಯೇ. ತೀರಕ್ಕೆ ಇಂದು ಅವರದೇ ಹೆಸರು. ಮಕ್ಕಳಿಗಾದರೋ ಕವಿಗಿಂತಲೂ, ದಡದಲ್ಲಿ ನಿಲ್ಲಿಸಿರುವ ನಿವೃತ್ತ ಯುದ್ಧನೌಕೆಯೇ ಪ್ರಿಯವಾಯಿತು!

ಸಂಜೆ ಕೋಡಿಬಾಗಕ್ಕೆ ಹೋದೆವು. ಜೋಯಿಡಾದ ದಿಗ್ಗಿಯ ಕಾಡಿನಲ್ಲಿ ಹುಟ್ಟಿದ ಕಾಳಿ, ಸೂಪಾ, ಕದ್ರಾ ಮೊದಲಾದ ಅಣೆಕಟ್ಟುಗಳಲ್ಲಿ ದುಡಿದು, ಸುಮಾರು 184 ಕಿಲೋಮೀಟರು ಹರಿದು, ಇಲ್ಲಿ ಕಡಲಿನ ಮಡಿಲು ಸೇರುತ್ತಾಳೆ. ಆಚೆ ದಡದ ಗುಡ್ಡದ ಮೇಲೆ ಸೋಂದೆಯ ಅರಸರ ಸದಾಶಿವಗಡ. ಎರಡು ದಡಗಳ ನಡುವೆ ಒಂದರ ಪಕ್ಕದಲ್ಲಿ ಒಂದು, ಎರಡು ಸೇತುವೆಗಳು. ಹೊಸದರ ಮೇಲೆ ವಾಹನಗಳು ಓಡುತ್ತಿದ್ದವು. ಹಳೆಯದು ಮುರಿದು ನೀರಿಗೆ ಬಿದ್ದಿತ್ತು.

ಓದುಗರಿಗೆ ನೆನಪಿರಬಹುದು. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಯ ಹೊತ್ತಿಗೆ, 41 ವರ್ಷಗಳ ಆ ಸೇತುವೆ ಕುಸಿಯಿತು. ಗೋವೆಯ ಕಡೆಯಿಂದ ಬರುತ್ತಿದ್ದ ಒಂದು ಲಾರಿ ನದಿಗೆ ಬಿತ್ತು. ಪೊಲೀಸರೂ ಸ್ಥಳೀಯ ಮೀನುಗಾರರೂ ಕತ್ತಲೆಯಲ್ಲಿಯೇ ಚಾಲಕನನ್ನು ಬದುಕಿಸಿದರು.

ಅತ್ತಿಗೆ ಮೊದಲ ಬಾರಿ ಬಾಯಿ ಬಿಟ್ಟರು. ಅವರ ಮಗನೂ ಲಾರಿ ಚಾಲಕ. ನಮ್ಮ ಕಡೆಯ ಶುಂಠಿಯನ್ನು ಗೋವೆಗೆ ಒಯ್ದು, ಅದೇ ದಾರಿಯಲ್ಲಿ ಹಿಂತಿರುಗುವವನು.

"ಆವತ್ತು ಬೆಳಗ್ಗೆ ಟೀವಿಯಲ್ಲಿ ಲಾರಿ ಅಂತ ಕೇಳಿದೆ. ಇವನ ಫೋನು ಹೋಗಲಿಲ್ಲ. ಹತ್ತು ಗಂಟೆಗೆ ಅವನೇ ಮಾತಾಡಿದ. ಹುಬ್ಬಳ್ಳಿ ದಾರಿಯಲ್ಲಿ ಲಾರಿ ನಿಲ್ಲಿಸಿ ಮಲಗಿದ್ದನಂತೆ. ಆ ಮೂರು ಗಂಟೆ ನಾನು ಹೇಗಿದ್ದೆ ಅಂತ ಯಾರಿಗೂ ಹೇಳಿಲ್ಲ."

"ಅಂದಮೇಲೆ ಇಲ್ಲಿಗೆ ಏಕೆ ಬರಬೇಕೆನ್ನಿಸಿತು, ಅತ್ತಿಗೆ?"

"ಬಿದ್ದವನಿಗೂ ಒಬ್ಬ ತಾಯಿ ಇದ್ದಾಳಲ್ಲ! ಅವನನ್ನು ಯಾರ ಮಕ್ಕಳೋ ಎತ್ತಿದರು. ನನ್ನ ಮಗ ಬಿದ್ದಿದ್ದರೂ ಎತ್ತುತ್ತಿದ್ದರು. ಆ ಜಾಗಕ್ಕೆ ಒಂದು ಸಲ ಕೈ ಮುಗಿಯಬೇಕು ಅನ್ನಿಸಿತು."

ಸೆರಗಿನ ಗಂಟಿನಿಂದ ಅರಿಸಿನ, ಕುಂಕುಮ, ಒಂದು ಹಿಡಿ ಹೂವನ್ನು ತೆಗೆದು ನೀರಿಗೆ ಬಿಟ್ಟರು. ಇಳಿತದ ನೀರು ಅದನ್ನು ಕಡಲಿನತ್ತ ಒಯ್ದಿತು.

ಕಡಲಿನ ಉಪ್ಪು ಗಾಳಿ ಕಾಂಕ್ರೀಟಿನ ಸೀಳುಗಳಲ್ಲಿ ಹೊಕ್ಕು, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ತನ್ನನ್ನು ಮುಚ್ಚಿದ ಕಾಂಕ್ರೀಟನ್ನೇ ಒಡೆಯುತ್ತದೆ. ಹೊರಗಿನಿಂದ ನೋಡುವವನಿಗೆ ಇದು ಬೇಗ ಕಾಣದು. ಆದುದರಿಂದಲೇ ಸೇತುವೆಗಳನ್ನು ಕಟ್ಟಿದಷ್ಟೇ ಶ್ರದ್ಧೆಯಿಂದ, ಬಲ್ಲವರು ವರ್ಷವರ್ಷವೂ ಪರೀಕ್ಷಿಸಬೇಕು. ಉದ್ಘಾಟನೆಗೆ ಜನ ಸೇರುತ್ತಾರೆ, ಪರೀಕ್ಷೆಗೆ ಯಾರೂ ಹಾರ ಹಾಕುವುದಿಲ್ಲ. ಆದರೆ ನಡುರಾತ್ರಿಯಲ್ಲಿ ದಾಟುವವನ ಪ್ರಾಣವನ್ನು ಕಾಯುವುದು ಆ ಎರಡನೆಯ ಕೆಲಸವೇ.

ಮೂರನೆಯ ದಿನ ಸಂಜೆ ಹುಣಸೂರು ಸೇರಿದೆವು. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಬಂದಾಗ ಅತ್ತಿಗೆ ಕಿಟಕಿಯಿಂದ ಹೊರಗೆ ನೋಡಿ, "ಇದಕ್ಕೆ ವಯಸ್ಸೆಷ್ಟು?" ಎಂದು ಕೇಳಿದರು.

ಐವತ್ತು ವರ್ಷಗಳಿಂದ ಅದನ್ನು ದಾಟುತ್ತಿರುವ ನನಗೆ ಉತ್ತರ ಹೊಳೆಯಲಿಲ್ಲ.