ದಪ್ಪ ಬೆರಳಿನವರಿಗೆ ಗಿಟಾರ್ ಬರುವುದಿಲ್ಲವೇ? ಕೊಳ್ಳುವ ಮುನ್ನ ನೆಕ್ ಅಳೆದು ನೋಡಿ

"ನಿನ್ನ ಬೆರಳ ನೋಡು, ಬಾಳಿಹಣ್ಣ ಇದ್ದಂಗ ಅದಾವ. ಗಿಟಾರ್ ನಿನಗ ಆಗೂದಿಲ್ಲ, ಬಿಡು."

ನಮ್ಮ ಕಡೆ ಗಿಟಾರ್ ಹಿಡಿದ ಹುಡುಗರು ಗೆಳೆಯರಿಂದ ಇಂಥ ಮಾತು ಕೇಳಿರುತ್ತಾರೆ. ಕೆಲವರು ಕೇಳಿ ಸುಮ್ಮನಾಗುತ್ತಾರೆ, ಕೆಲವರು ಎರಡು ತಿಂಗಳಲ್ಲಿ ಗಿಟಾರನ್ನು ಅಟ್ಟಕ್ಕೆ ಹಾಕುತ್ತಾರೆ. ಸಾವಿರಾರು ರೂಪಾಯಿ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, "ನನ್ನ ಕೈಯೇ ಸರಿ ಇಲ್ಲ" ಎಂಬ ನಂಬಿಕೆ ಉಳಿದುಬಿಡುತ್ತದೆ. ಈ ನಂಬಿಕೆ ಎಷ್ಟು ನಿಜ ಎಂದು ಸ್ಕೇಲ್ ಹಿಡಿದು ನೋಡೋಣ.

ಮೊದಲು ತಂತಿಗಳ ಲೆಕ್ಕ. ಗಿಟಾರಿನ ತಲೆ ಮುಗಿದು ನೆಕ್ ಶುರುವಾಗುವಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಆರೂ ತಂತಿಗಳು ಅದರ ಗೀರುಗಳಲ್ಲಿ ಕೂತಿರುತ್ತವೆ. ಅದಕ್ಕೆ ನಟ್ ಎನ್ನುತ್ತಾರೆ. ಉಕ್ಕಿನ ತಂತಿಯ ಸಾಮಾನ್ಯ ಅಕೌಸ್ಟಿಕ್ ಗಿಟಾರಿನಲ್ಲಿ ಈ ನಟ್ಟಿನ ಅಗಲ ಸುಮಾರು 43 ಮಿ.ಮೀ. ಎರಡೂ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟರೆ ಒಂದು ತಂತಿಯಿಂದ ಪಕ್ಕದ ತಂತಿಗೆ ಸಿಗುವುದು ಹೆಚ್ಚುಕಡಿಮೆ 7 ಮಿ.ಮೀ. ಅಂತರ.

ಈಗ ಬೆರಳು. ದೊಡ್ಡವರ ತೋರುಬೆರಳ ತುದಿ ಸಾಮಾನ್ಯವಾಗಿ 16ರಿಂದ 20 ಮಿ.ಮೀ. ಅಗಲ ಇರುತ್ತದೆ. ಅಂದರೆ ತೆಳ್ಳನೆ ಬೆರಳಿನವರ ತುದಿಯೂ ತಂತಿಗಳ ಅಂತರದ ಎರಡು ಪಟ್ಟಿಗಿಂತ ಹೆಚ್ಚು. ಯಾರ ಬೆರಳೂ ಎರಡು ತಂತಿಗಳ ನಡುವೆ ಹಿಡಿಸುವುದಿಲ್ಲ! ಗಿಟಾರ್ ನುಡಿಸುವವರೆಲ್ಲ ಬೆರಳನ್ನು ಬಾಗಿಸಿ, ಉಗುರಿನ ಹತ್ತಿರದ ತುದಿಯಿಂದ ನೇರವಾಗಿ ಕೆಳಗೆ ಒತ್ತುತ್ತಾರೆ. ಬೆರಳು ಚಪ್ಪಟೆಯಾಗಿ ಮಲಗಿದರೆ ತೆಳ್ಳಗಿದ್ದರೂ ಪಕ್ಕದ ತಂತಿಗೆ ತಾಗಿ ಸದ್ದು ಸಾಯುತ್ತದೆ.

ಹವಾಯಿಯ ಇಸ್ರೇಲ್ ಕಮಕವಿವೋಓಲೆ (1959–1997) ನುಡಿಸುವ ವಿಡಿಯೋ ನೋಡಿ. ಭಾರೀ ದೇಹ, ಭಾರೀ ಕೈ. ಆ ಕೈಯಲ್ಲಿ ಇದ್ದದ್ದು ಗಿಟಾರಿಗಿಂತ ಎಷ್ಟೋ ಸಣ್ಣದಾದ ಯುಕುಲೇಲೆ, ಮತ್ತು ಅದನ್ನು ಆತ ನುಡಿಸಿದ್ದು ಜಗತ್ತೆಲ್ಲ ಕೇಳಿದೆ. ಇನ್ನೊಂದು ಕಡೆ ಜಾಂಗೋ ರೈನ್‌ಹಾರ್ಟ್. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಉಂಗುರಬೆರಳು, ಕಿರುಬೆರಳು ಸುಟ್ಟು ಸೆಟೆದುಕೊಂಡವು. ಉಳಿದ ಎರಡು ಬೆರಳುಗಳಲ್ಲೇ ಜಾಜ್ ಗಿಟಾರಿನ ದಾರಿ ಬದಲಿಸಿದರು. ಇವರು ಅಸಾಮಾನ್ಯರು, ಒಪ್ಪೋಣ. ಆದರೆ "ಈ ಕೈಗೆ ಸಾಧ್ಯವೇ ಇಲ್ಲ" ಎನ್ನುವ ಮಾತು ಸುಳ್ಳು ಎನ್ನಲು ಇಷ್ಟು ಸಾಕು.

ಹಾಗಂತ ದೊಡ್ಡ ಕೈಯವರ ಕಷ್ಟ ಬರೀ ಕಲ್ಪನೆಯಲ್ಲ. ಎ ಕಾರ್ಡ್ ತೆಗೆದುಕೊಳ್ಳಿ. ಒಂದೇ ಫ್ರೆಟ್ಟಿನ ಮನೆಯಲ್ಲಿ, ಪಕ್ಕಪಕ್ಕದ ಮೂರು ತಂತಿಗಳ ಮೇಲೆ ಮೂರು ಬೆರಳು. ಮೊದಲ ತಂತಿಯಿಂದ ಮೂರನೆಯದಕ್ಕೆ ಇರುವ ದೂರ ಸುಮಾರು 14 ಮಿ.ಮೀ. ಅಲ್ಲಿ ಮೂರು ಬೆರಳು ಸಾಲಾಗಿ ಕೂರಲು ಯಾರಿಗೂ ಆಗದು. ಒಂದನ್ನು ಹಿಂದೆ, ಒಂದನ್ನು ಮುಂದೆ ಇಡಬೇಕು. ಬೆರಳು ದಪ್ಪವಿದ್ದಷ್ಟೂ ಹಿಂದಿನ ಬೆರಳು ಫ್ರೆಟ್ ತಂತಿಯಿಂದ ದೂರ ಸರಿಯುತ್ತದೆ. ದೂರ ಸರಿದಷ್ಟೂ ಹೆಚ್ಚು ಬಲ ಬೇಕು, ಇಲ್ಲದಿದ್ದರೆ ಜರ್ ಎಂಬ ಸದ್ದು. ಇಲ್ಲಿ ದಪ್ಪ ಬೆರಳಿಗೆ ಒಂದು ಅನುಕೂಲವೂ ಇದೆ. ಒಂದೇ ಬೆರಳನ್ನು ಅಡ್ಡ ಮಲಗಿಸಿ ಮೂರೂ ತಂತಿ ಒತ್ತುವ ಉಪಾಯ ತೆಳ್ಳನೆ ಬೆರಳಿನವರಿಗಿಂತ ಇವರಿಗೆ ಬೇಗ ಕೈಗೆ ಹತ್ತುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ದೊಡ್ಡ ಕೈ ಬೇರೆ, ದಪ್ಪ ಬೆರಳು ಬೇರೆ. ಬೆರಳ ತುದಿ ಅಗಲ ಇದ್ದವರಿಗೆ ಬೇಕಾದದ್ದು ಅಗಲವಾದ ನಟ್. ಅಂಗೈ ದೊಡ್ಡದು, ಬೆರಳು ಉದ್ದ, ಆದರೆ ತುದಿ ಸಾಧಾರಣ ಇದ್ದವರಿಗೆ ನಟ್ ತೊಂದರೆ ಕೊಡುವುದು ಕಡಿಮೆ. ಅವರಿಗೆ ನೆಕ್ಕಿನ ಹಿಂಬದಿ ತೀರಾ ತೆಳ್ಳಗಿದ್ದರೆ ಹೆಬ್ಬೆರಳು ಬೆರಳುಗಳಿಗೆ ಬಹಳ ಹತ್ತಿರ ಬಂದು, ಕೈ ಮುಷ್ಟಿ ಕಟ್ಟಿದಂತಾಗಿ ನೋಯುತ್ತದೆ. ಸ್ವಲ್ಪ ದುಂಡಗೆ, ಕೈತುಂಬ ಸಿಗುವ ನೆಕ್ ಅವರಿಗೆ ಹಿತ. ಜಾಹೀರಾತುಗಳು "ಸ್ಲಿಮ್ ನೆಕ್" ಎಂಬುದನ್ನು ಎಲ್ಲರಿಗೂ ಒಳ್ಳೆಯದೆಂಬಂತೆ ಮಾರುತ್ತವೆ. ದೊಡ್ಡ ಅಂಗೈಯವರು ಆ ಮಾತಿಗೆ ಮರುಳಾಗಬೇಕಿಲ್ಲ.

41 ಇಂಚು ಅಂದರೆ ಯಾವುದರ ಅಳತೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ನಾಲ್ಕೈದು ಬಗೆಯ ಗಿಟಾರ್ ಕೈಯಲ್ಲಿ ಹಿಡಿದು ನೋಡಬೇಕೆಂದರೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಬಸ್ಸು ಹತ್ತುವುದು ಒಳ್ಳೆಯದು. ಹೆಚ್ಚಿನವರು ಮೊಬೈಲಿನಲ್ಲೇ ಆರ್ಡರ್ ಮಾಡುತ್ತಾರೆ. ಅಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು "38 ಇಂಚು", "41 ಇಂಚು". ನನ್ನ ಕೈ ದೊಡ್ಡದು, ಹಾಗಾಗಿ 41 ಇಂಚಿನದೇ ಇರಲಿ ಎಂದು ಒತ್ತಿಬಿಡುತ್ತೇವೆ.

ಆ ಇಂಚು ಗಿಟಾರಿನ ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ನೆಕ್ಕಿನ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಹೊಟ್ಟೆಯ ಗಿಟಾರ್ ಜೋರಾಗಿ ನುಡಿಯುತ್ತದೆ, ಅಷ್ಟೇ. ನಟ್ ಅದೇ 43 ಮಿ.ಮೀ. ಇರಬಹುದು. ನಾನೂ ಕಾಲೇಜಿನಲ್ಲಿದ್ದಾಗ ಹೀಗೇ ದೊಡ್ಡದನ್ನು ತರಿಸಿಕೊಂಡಿದ್ದೆ. ಕಂಕುಳಲ್ಲಿ ಹಿಡಿಯಲು ಕಷ್ಟವಾಯಿತು, ಎಡಗೈಗೆ ಒಂದು ಕೂದಲೆಳೆಯಷ್ಟೂ ಲಾಭವಾಗಲಿಲ್ಲ.

ಹಾಗಾಗಿ ವಿವರಗಳ ಪಟ್ಟಿಯಲ್ಲಿ "ನಟ್ ವಿಡ್ತ್" ಎಂಬ ಸಾಲನ್ನು ಹುಡುಕಿ. ಹೊಸಬರು ಹೆಚ್ಚಾಗಿ ಕೊಳ್ಳುವ ಯಮಹಾ ಎಫ್310ರಲ್ಲಿ ಅದು 43 ಮಿ.ಮೀ. ಅದೇ ಕಂಪನಿಯ ನೈಲಾನ್ ತಂತಿಯ ಸಿ40ರಲ್ಲಿ 52 ಮಿ.ಮೀ. ಇವೆರಡರ ನಡುವೆ 44.5 ಮಿ.ಮೀ. ಸುತ್ತಮುತ್ತಲಿನ ಉಕ್ಕಿನ ತಂತಿ ಗಿಟಾರುಗಳೂ ಇವೆ. ಒಂದೂವರೆ ಮಿ.ಮೀ.ಗೆ ಏನಾದೀತು ಅನ್ನಬೇಡಿ, ಬೆರಳಿಗೆ ಅದು ಗೊತ್ತಾಗುತ್ತದೆ. ನಟ್ ಅಗಲವನ್ನೇ ಬರೆಯದ ಮಾರಾಟಗಾರರನ್ನು ಪ್ರಶ್ನೆ ಕೇಳುವ ಜಾಗದಲ್ಲಿ ಕೇಳಿ. ಉತ್ತರ ಬರದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಟಿಎಂ ಕಾರ್ಡ್ ತೆಗೆಯಿರಿ. ಅದರ ಉದ್ದ 85.6 ಮಿ.ಮೀ., ಅಂದರೆ ಅರ್ಧ ಉದ್ದ ಸುಮಾರು 43 ಮಿ.ಮೀ. ಸಾಮಾನ್ಯ ಉಕ್ಕಿನ ತಂತಿ ಗಿಟಾರಿನ ನಟ್ ಅಷ್ಟು ಅಗಲ. ಕಾರ್ಡಿನ ಅಗಲ 54 ಮಿ.ಮೀ. ನೈಲಾನ್ ಗಿಟಾರಿನ ನಟ್ ಅದಕ್ಕಿಂತ 2 ಮಿ.ಮೀ. ಕಡಿಮೆ. ಒಂದು ಹಾಳೆಯ ಮೇಲೆ 7 ಮಿ.ಮೀ.ಗೊಂದರಂತೆ ಆರು ಗೆರೆ ಎಳೆಯಿರಿ, ಪಕ್ಕದಲ್ಲಿ 8.5 ಮಿ.ಮೀ.ಗೊಂದರಂತೆ ಆರು ಗೆರೆ. ಬೆರಳು ಬಾಗಿಸಿ ತುದಿಯನ್ನು ಒಂದೊಂದೇ ಗೆರೆಯ ಮೇಲಿಡಿ. ಎರಡನೆಯದರಲ್ಲಿ ಮಾತ್ರ ಪಕ್ಕದ ಗೆರೆ ಕಾಣುತ್ತಿದ್ದರೆ ನಿಮಗೆ ಅಗಲ ನಟ್ಟಿನಿಂದ ನಿಜವಾಗಿ ಉಪಯೋಗವಿದೆ.

ಹಾಗಿದ್ದರೆ ಎಲ್ಲ ದಪ್ಪ ಬೆರಳಿನವರೂ 52 ಮಿ.ಮೀ.ನ ನೈಲಾನ್ ಗಿಟಾರ್ ಕೊಂಡರೆ ಮುಗಿಯಿತಲ್ಲ? ಇಲ್ಲ. ಅದರ ದನಿ ಮೆತ್ತಗೆ, ಬೆರಳಿನಿಂದ ಬಿಡಿಬಿಡಿಯಾಗಿ ಮೀಟಲು ಚೆಂದ. ಸಿನಿಮಾ ಹಾಡಿಗೆ ಜೋರಾಗಿ ಸ್ಟ್ರಮ್ ಮಾಡುವ ಆಸೆ ಇದ್ದವರಿಗೆ ಆ ಖಣಖಣ ಸದ್ದು ಇದರಲ್ಲಿ ಸಿಗದು. ಬೆರಳು ದಪ್ಪ ಆದರೆ ಗಿಡ್ಡ ಇದ್ದವರಿಗೆ ಆರೂ ತಂತಿ ಒಮ್ಮೆಗೇ ಒತ್ತುವ ಬಾರ್ ಕಾರ್ಡ್ ಅಗಲ ನೆಕ್ಕಿನಲ್ಲಿ ಇನ್ನೂ ಕಷ್ಟ.

ಒಂದು ಎಚ್ಚರಿಕೆ: ಸದ್ದು ಸಾಲದೆಂದು ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬೇಡಿ. ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಉಕ್ಕಿನ ಲೈಟ್ ಸೆಟ್ ಎಳೆಯುವುದು 70 ಕಿಲೋಗೂ ಹೆಚ್ಚು. ನೆಕ್ ಬಾಗುತ್ತದೆ, ಬ್ರಿಡ್ಜ್ ಕಿತ್ತು ಬರಬಹುದು.

ಬೆರಳಿನ ಮೇಲೆ ಹೊರಿಸುವ ತಪ್ಪು

ನಿಜ ಹೇಳಬೇಕೆಂದರೆ, "ನನ್ನ ಕೈಗೆ ಆಗುತ್ತಿಲ್ಲ" ಎನ್ನುವ ಎಷ್ಟೋ ಕಡೆ ಸಮಸ್ಯೆ ನಟ್ ಅಗಲವೂ ಅಲ್ಲ. ತಂತಿಗಳು ಫ್ರೆಟ್ಟಿನಿಂದ ಬಹಳ ಎತ್ತರದಲ್ಲಿರುತ್ತವೆ. ಈ ಎತ್ತರಕ್ಕೆ ಆಕ್ಷನ್ ಎನ್ನುತ್ತಾರೆ. ಕಡಿಮೆ ಬೆಲೆಯ ಗಿಟಾರುಗಳು ಇದನ್ನು ಸರಿಮಾಡದೆಯೇ ಪೆಟ್ಟಿಗೆ ಸೇರಿ ಬರುವುದುಂಟು. ತಂತಿ ಎತ್ತರವಿದ್ದರೆ ಬಲವಾಗಿ ಒತ್ತಬೇಕು; ಬಲವಾಗಿ ಒತ್ತಿದರೆ ಬೆರಳ ಮಾಂಸ ಹರಡುತ್ತದೆ; ಹರಡಿದರೆ ಪಕ್ಕದ ತಂತಿಗೆ ತಾಗುತ್ತದೆ. ಆಗ ಸಾಧಾರಣ ಬೆರಳೂ ದಪ್ಪ ಬೆರಳಾಗುತ್ತದೆ!

ಇದನ್ನೂ ಎಟಿಎಂ ಕಾರ್ಡಿನಿಂದಲೇ ನೋಡಬಹುದು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಉಬ್ಬಕ್ಷರ ಇಲ್ಲದ ಮೂರು ಕಾರ್ಡ್ ಜೋಡಿಸಿದರೆ ಸುಮಾರು 2.3 ಮಿ.ಮೀ. ಉಕ್ಕಿನ ತಂತಿ ಗಿಟಾರಿನ ಹನ್ನೆರಡನೇ ಫ್ರೆಟ್ಟಿನ ಮೇಲೆ, ಅತಿ ದಪ್ಪ ತಂತಿಯ ಕೆಳಗೆ ಇವನ್ನು ಮೆಲ್ಲಗೆ ತೂರಿಸಿ. ಮೂರು ಕಾರ್ಡ್ ಹಗುರಾಗಿ ಹಿಡಿಸಿದರೆ ಎತ್ತರ ಸರಿಯಾಗಿದೆ. ನಾಲ್ಕು ಕಾರ್ಡ್ ಹೋಗಿ ಇನ್ನೂ ಜಾಗ ಉಳಿದರೆ ಎತ್ತರ ಹೆಚ್ಚು. ಗಿಟಾರ್ ರಿಪೇರಿ ಬಲ್ಲವರು ನೆಕ್ಕಿನ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಿ, ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿಯನ್ನು ತಳದಲ್ಲಿ ತುಸು ಉಜ್ಜಿ ಇದನ್ನು ಇಳಿಸುತ್ತಾರೆ. ಜೊತೆಗೆ ತೆಳು ತಂತಿಯ ಸೆಟ್ ಹಾಕಿಸಿದರೆ ಹಳೇ ಗಿಟಾರೇ ಬೇರೆಯದಾಗಿ ಕಾಣುತ್ತದೆ. ಹೊಸದು ಕೊಳ್ಳುವ ಮುಂಚೆ ಮಾಡಿಸಬೇಕಾದ ಕೆಲಸ ಇದು.

ನಮ್ಮ ಜಿಲ್ಲೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ನೆಕ್ಕಿನ ಮರ ಒಣಗಿ ಕುಗ್ಗಿದಾಗ ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿಗಳು ಹೊರಬಂದು ಅಂಗೈ ಗೀರುತ್ತವೆ. ಪತ್ರಾಸಿನ ಮನೆಯಲ್ಲಿ, ನಿಂತ ಕಾರಿನಲ್ಲಿ ಇಟ್ಟರೆ ಅಂಟು ಮೆತ್ತಗಾಗಿ ಬ್ರಿಡ್ಜ್ ಮೇಲೇಳಬಹುದು, ಆಗ ತಂತಿಯೂ ಮೇಲೇಳುತ್ತದೆ. ಜನವರಿಯಲ್ಲಿ ಹಿತವಾಗಿದ್ದ ನೆಕ್ ಮೇ ತಿಂಗಳಲ್ಲಿ ಕೈಗೆ ಒಗ್ಗದಿದ್ದರೆ ಬೆರಳನ್ನು ಬಯ್ಯಬೇಡಿ.

ಹೊಲದ ಕೆಲಸದಿಂದ ಕೈ ಒರಟಾಗಿದೆ, ಅದಕ್ಕೇ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಗಿಟಾರ್ ಕಲಿಯುವವರೆಲ್ಲ ಬೆರಳ ತುದಿಯಲ್ಲಿ ಗಟ್ಟಿ ಚರ್ಮ ಬರಲೆಂದೇ ವಾರಗಟ್ಟಲೆ ಕಾಯುತ್ತಾರೆ. ನಿಮ್ಮ ತುದಿ ಆಗಲೇ ಗಟ್ಟಿ ಇದ್ದರೆ ಆ ನೋವು ಅಷ್ಟು ಉಳಿಯಿತು. ಆದರೆ ತುದಿಯ ನೋವು ಬೇರೆ, ಜೋಮು ಬೇರೆ. ಮಣಿಕಟ್ಟು ನೋಯುತ್ತಿದ್ದರೆ, ನುಡಿಸುವುದು ನಿಲ್ಲಿಸಿದ ಮೇಲೂ ಬೆರಳು ಜೋಮು ಹಿಡಿದೇ ಇದ್ದರೆ ವೈದ್ಯರಿಗೆ ತೋರಿಸಿ.

ಆನ್‌ಲೈನಿನಲ್ಲಿ ತರಿಸಿದ್ದಾದರೆ ಪಾರ್ಸೆಲ್ ಬಂದ ದಿನವೇ ಸ್ಕೇಲ್ ಮತ್ತು ಕಾರ್ಡ್ ಹಿಡಿದು ನಟ್, ತಂತಿಯ ಎತ್ತರ ಎರಡನ್ನೂ ಅಳೆಯಿರಿ, ಅಂಗೈಯನ್ನು ನೆಕ್ಕಿನ ಅಂಚಿನುದ್ದಕ್ಕೂ ಸವರಿ ನೋಡಿ. ಪೆಟ್ಟಿಗೆಯನ್ನು ಹರಿಯದೆ ಇಟ್ಟುಕೊಳ್ಳಿ. ವಾಪಸ್ ಕಳಿಸಲು ಕೊಟ್ಟಿರುವ ದಿನಗಳು ಮುಗಿಯುವವರೆಗೆ ಅದು ಬೇಕಾಗುತ್ತದೆ.