ಅಣುಬಾಂಬು ಮತ್ತು ಕೊಟ್ಟ ಮಾತು

ಕಾಸರಗೋಡಿನ ನಮ್ಮ ಕಡೆಯಲ್ಲಿ ಗಲ್ಫಿಗೆ ದುಡಿಯಲು ಹೋದವರಿಲ್ಲದ ಊರು ಅಪರೂಪ. 2025ರ ಜೂನ್ 23ರಂದು ಇರಾನ್ ದೇಶವು ಕತಾರಿನಲ್ಲಿರುವ ಅಮೆರಿಕದ ವಾಯುನೆಲೆಯತ್ತ ಕ್ಷಿಪಣಿಗಳನ್ನು ಹಾರಿಸಿತು. ಆ ರಾತ್ರಿ ಕತಾರ್ ತನ್ನ ಆಕಾಶವನ್ನು ವಿಮಾನಗಳಿಗೆ ಮುಚ್ಚಿತು. ಮಗನ ಧ್ವನಿ ಕೇಳುವ ತನಕ ನಿದ್ದೆ ಬಾರದ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ! ದೂರದ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಆದುದರಿಂದ ಅದರ ಮೂಲವನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಇರಾನ್ ಸಹಿ ಹಾಕಿದೆ. ಬಾಂಬು ಮಾಡುವುದಿಲ್ಲವೆಂದು ಅದು ಮಾತು ಕೊಟ್ಟಿತು. ಶಾಂತಿಕಾರ್ಯಕ್ಕೆ ಅಣುಶಕ್ತಿಯನ್ನು ಬಳಸುವ ಹಕ್ಕು ಅದಕ್ಕೆ ಉಳಿಯಿತು. ಆದರೆ ನತಾಂಜ್ ಎಂಬಲ್ಲಿ ಯುರೇನಿಯಂ ಪುಷ್ಟೀಕರಣದ ಸ್ಥಾವರವನ್ನು ಗುಟ್ಟಾಗಿ ಕಟ್ಟುತ್ತಿದ್ದುದು 2002ರಲ್ಲಿ ಬಯಲಾಯಿತು. ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಅಣುಶಕ್ತಿಗೆ ಒದಗುವ ಅಂಶ ಶೇಕಡಾ 0.7 ಮಾತ್ರ. ಅದನ್ನು 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ತಿಗೆ ಸಾಕು. ಸುಮಾರು 90ಕ್ಕೆ ಏರಿಸಿದರೆ ಬಾಂಬಿಗೆ ಆಗುತ್ತದೆ. ಎರಡಕ್ಕೂ ಯಂತ್ರ ಒಂದೇ. ಸಂಶಯ ಹುಟ್ಟಿದ್ದು ಇಲ್ಲಿ.

2006ರಿಂದ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧಗಳನ್ನು ಹೇರಿತು. ಮುಂದೆ ಅಮೆರಿಕ ಮತ್ತು ಯುರೋಪಿನ ನಿರ್ಬಂಧಗಳೂ ಸೇರಿ ಎಣ್ಣೆಯ ಮಾರಾಟ ಕುಗ್ಗಿತು, ಬೆಲೆಗಳೇರಿದವು. ಔಷಧಿಗೆ ವಿನಾಯಿತಿ ಇದ್ದರೂ ಹಣ ರವಾನಿಸಲು ಬ್ಯಾಂಕುಗಳು ಅಂಜಿದ್ದರಿಂದ ಬಡ ರೋಗಿಗಳು ಬವಣೆಪಟ್ಟರು. ಅಂತೂ 2015ರ ಜುಲೈ 14ರಂದು ವಿಯೆನ್ನಾದಲ್ಲಿ ಆರು ರಾಷ್ಟ್ರಗಳೊಂದಿಗೆ ಒಪ್ಪಂದವಾಯಿತು. ಪುಷ್ಟೀಕರಣ ಶೇಕಡಾ 3.67ನ್ನು ಮೀರಬಾರದು, ದಾಸ್ತಾನು 300 ಕಿಲೋಗ್ರಾಂ ದಾಟಬಾರದು, ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರಿಗೆ ಬಾಗಿಲು ತೆರೆದಿರಬೇಕು. ಪ್ರತಿಯಾಗಿ ನಿರ್ಬಂಧ ಸಡಿಲಬೇಕು. ಇರಾನ್ ಷರತ್ತು ಪಾಲಿಸುತ್ತಿದೆಯೆಂದು ಆ ಸಂಸ್ಥೆ ಮತ್ತೆ ಮತ್ತೆ ವರದಿ ಮಾಡಿತು.

ಹಾಗಿದ್ದರೂ 2018ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆಯಿತು. ಮರುವರ್ಷದಿಂದ ಇರಾನೂ ಮಿತಿಗಳನ್ನು ಒಂದೊಂದಾಗಿ ಮೀರಿ, 2021ರಲ್ಲಿ ಪುಷ್ಟೀಕರಣವನ್ನು ಶೇಕಡಾ 60ಕ್ಕೆ ಏರಿಸಿತು. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. 22ರಂದು ಅಮೆರಿಕ ಫೋರ್ಡೋ, ನತಾಂಜ್, ಇಸ್ಫಹಾನ್‌ಗಳ ಮೇಲೆ ಬಾಂಬು ಹಾಕಿತು. ಫಲವೇನು? ಜುಲೈಯಲ್ಲಿ ಇರಾನ್ ಸಹಕಾರವನ್ನು ನಿಲ್ಲಿಸಿತು, ತಪಾಸಣೆಗಾರರು ದೇಶ ಬಿಟ್ಟರು. ಒಳಗೆ ಏನಿದೆಯೆಂದು ನೋಡುವ ಕಣ್ಣೇ ಇಲ್ಲವಾಯಿತು. ಕಟ್ಟಡವನ್ನು ಕೆಡವಬಹುದು, ಕಲಿತ ವಿದ್ಯೆಯನ್ನು ಕೆಡವಲಾದೀತೇ?

ಒತ್ತಡವೇ ಬೇಡವೆಂದು ನಾವು ಹೇಳುವುದಿಲ್ಲ. ಒತ್ತಡವಿಲ್ಲದಿದ್ದರೆ ಇರಾನ್ ಮಾತುಕತೆಗೆ ಬರುತ್ತಿತ್ತೋ ಇಲ್ಲವೋ. ಆದರೆ ಒತ್ತಡದ ಕೊನೆಗೆ ಒಂದು ಬಾಗಿಲಿರಬೇಕು. ಷರತ್ತು ಪಾಲಿಸಿದವನಿಗೆ ಅದು ತೆರೆಯಬೇಕು. ಪಾಲಿಸಿದ ಮೇಲೂ ಶಿಕ್ಷೆಯಾದರೆ ಮುಂದೆ ಯಾವ ದೇಶ ನಂಬೀತು?

“ದೊಡ್ಡ ರಾಷ್ಟ್ರಗಳಲ್ಲಿ ಬಾಂಬು ಇರುವಾಗ ಇರಾನಿಗೆ ಮಾತ್ರ ಏಕೆ ಬೇಡ?” ಎಂದು ಮೇಲಿನ ತರಗತಿಯ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈ ತಾರತಮ್ಯವನ್ನು ಒಪ್ಪದೆ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ನಿರ್ಬಂಧಗಳನ್ನೂ ಎದುರಿಸಿತು. ಸಹಿ ಹಾಕಿದ ಐದು ಅಣ್ವಸ್ತ್ರ ರಾಷ್ಟ್ರಗಳೂ ನಿಶ್ಶಸ್ತ್ರೀಕರಣಕ್ಕೆ ಪ್ರಾಮಾಣಿಕವಾಗಿ ಮಾತುಕತೆ ನಡೆಸುವೆವೆಂದು ಅದೇ ಒಪ್ಪಂದದ ಆರನೆಯ ವಿಧಿಯಲ್ಲಿ ಮಾತು ಕೊಟ್ಟಿವೆ. ಅರ್ಧ ಶತಮಾನ ಕಳೆದರೂ ಅವುಗಳ ಬಾಂಬುಗಳು ಉಳಿದಿವೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಆದರೂ ಒಬ್ಬರು ಮಾತು ತಪ್ಪಿದರೆಂದು ಇನ್ನೊಬ್ಬರು ಬಾಂಬು ಮಾಡಿದರೆ ಯಾರ ಮನೆಯೂ ಸುರಕ್ಷಿತವಾಗದು.

ವಿದ್ಯಾರ್ಥಿಗಳೇ, ಪತ್ರಿಕೆಯಲ್ಲಿ ಇಂಥ ಸುದ್ದಿ ಓದುವಾಗ ಯಾರು ಬಲಶಾಲಿ ಎಂದಷ್ಟೇ ನೋಡಬೇಡಿ. ಯಾರು ಯಾವ ಮಾತು ಕೊಟ್ಟಿದ್ದರು, ಯಾರು ಮೊದಲು ಮುರಿದರು ಎಂದು ಕೇಳಿರಿ. ಪೋಷಕರೇ, ಈ ಪ್ರಶ್ನೆಯನ್ನು ಮನೆಯಲ್ಲೂ ಚರ್ಚಿಸಿರಿ. ಆ ಜೂನ್ ರಾತ್ರಿ ನಾವು ಫೋನಿನ ಬಳಿ ಕಾದು ಕುಳಿತದ್ದು, ದೊಡ್ಡವರು ಮುರಿದ ಮಾತಿನ ಬೆಲೆ.